ಅನಿಲ ವಿಸರ್ಜನ ಫಲಕ

ಅನಿಲ ವಿಸರ್ಜನ ಫಲಕ : ಎರಡು ಸಮತಲ ಗಾಜುಗಳ ನಡುವಣ ಅತಿ ಕಿರಿದಾದ ತೆರವಿನಲ್ಲಿ ಜಡಾನಿಲವನ್ನು ತುಂಬಿ, ಅಲ್ಲಿ ಸಾಲುಸಾಲಾಗಿ ಏರ್ಪಡಿಸಿದ ಲಕ್ಷಾಂತರ ಸೂಕ್ಷ್ಮಕೋಶಗಳಲ್ಲಿ ಬೇಕಾದುವನ್ನು ಮಾತ್ರ ವಿದ್ಯುದ್ವಿಸರ್ಜನೆಯಿಂದ ಬೆಳಗಿಸಿ ಅಕ್ಷರವನ್ನೋ ಚಿತ್ರವನ್ನೋ ಮೂಡಿಸುವ ದೃಶ್ಯೋಪಕರಣ. ಲೋಕರೂಢಿಯಲ್ಲಿ ಇದಕ್ಕೆ ಪ್ಲಾಸ್ಮಾ ಪರದೆಯೆಂದು ಹೆಸರು. ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ ಅನಿಲಕ್ಕೆ 1928ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಇಟ್ಟ ಹೆಸರೇ ಪರದೆಗೂ ಅಂಟಿಕೊಂಡಿತು. 1964ರಲ್ಲಿ ಒಂದು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಹುಟ್ಟಿ, 20ನೆಯ ಶತಮಾನದ ಕೊನೆಯಲ್ಲಿ ಗೋಡೆಗೆ ತೂಗುಹಾಕಬಹುದಾದ ದೂರದರ್ಶಕವಾಗಿ ಮನೆಮನೆಗೆ ಬಂದು, ಐವತ್ತು ವರ್ಷ ತುಂಬುವ ಹೊತ್ತಿಗೆ ಮುಖ್ಯ ಕಾರ್ಖಾನೆಗಳೆಲ್ಲ ಮುಚ್ಚಿ ತೆರೆಮರೆಗೆ ಸರಿದ ಈ ಉಪಕರಣದ ಗುಣವೂ ದೋಷವೂ ಬಹುಮಟ್ಟಿಗೆ ಒಂದೇ ಮೂಲದಿಂದ ಹುಟ್ಟಿದುವು. ತಾನು ಬೆಳಗುತ್ತಿದ್ದೆನೋ ಇಲ್ಲವೋ ಎಂಬುದನ್ನು ಪ್ರತಿಯೊಂದು ಕೋಶವೂ ತನ್ನಷ್ಟಕ್ಕೆ ತಾನೇ ನೆನಪಿಟ್ಟುಕೊಳ್ಳುವ ಶಕ್ತಿಯೇ ಆ ಮೂಲ.

ವಿಸರ್ಜನೆಯ ತತ್ತ್ವ : ಅನಿಲವು ಸಹಜಸ್ಥಿತಿಯಲ್ಲಿ ವಿದ್ಯುತ್ತನ್ನು ಹರಿಯಗೊಡದು. ಆದರೆ ಎರಡು ವಿದ್ಯುದಗ್ರಗಳ ನಡುವೆ ವೋಲ್ಟೇಜನ್ನು ಏರಿಸುತ್ತ ಹೋದಂತೆ, ಅಲ್ಲಲ್ಲಿ ಅಲೆಯುತ್ತಿರುವ ಒಂದೆರಡು ಎಲೆಕ್ಟ್ರಾನುಗಳು ವೇಗಗೊಂಡು ಅನಿಲದ ಪರಮಾಣುಗಳಿಗೆ ಬಡಿದು ಹೊಸ ಎಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಆ ಬಡಿತದಲ್ಲಿ ಉಳಿದ ಅಯಾನುಗಳು ಋಣಾಗ್ರದ ಮೇಲೆ ಅಪ್ಪಳಿಸಿ ಅಲ್ಲಿಂದಲೂ ಎಲೆಕ್ಟ್ರಾನುಗಳನ್ನು ಕೀಳುತ್ತವೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣಾರ್ಧದಲ್ಲಿ ಅನಿಲವೆಲ್ಲ ಹೊತ್ತಿಕೊಂಡಂತೆ ಬೆಳಗುತ್ತದೆ. ಈ ಉದ್ದೀಪನಕ್ಕೆ ಬೇಕಾದ ವೋಲ್ಟೇಜು ಅಂತರವೊಂದನ್ನಾಗಲಿ ಒತ್ತಡವೊಂದನ್ನಾಗಲಿ ಅವಲಂಬಿಸದೆ ಅವೆರಡರ ಗುಣಲಬ್ಧವನ್ನು ಅವಲಂಬಿಸುವುದೆಂದು 1889ರಲ್ಲಿ ಜರ್ಮನಿಯ ಫ್ರೀಡ್ರಿಕ್ ಪಾಷೆನ್ ತೋರಿಸಿದನು. ಫಲಕದ ವಿನ್ಯಾಸಕನಿಗೆ ಇದು ಮೊದಲ ಪಾಠ. ಬೀದಿಯ ನಿಯಾನ್ ದೀಪದ ನಳಿಗೆಯಲ್ಲಿ ಅನಿಲವು ತೀರ ವಿರಳವಾಗಿದ್ದರೂ ಸಾಕು. ಆದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ಅಂತರವಿರುವ ಕೋಶದಲ್ಲಿ, ವಾಯುಮಂಡಲದ ಒತ್ತಡದ ಮೂರರಲ್ಲಿ ಎರಡು ಪಾಲಿನಷ್ಟು ಒತ್ತಡದಲ್ಲಿ ಅನಿಲವನ್ನು ಕಿಕ್ಕಿರಿಸಬೇಕಾಗುತ್ತದೆ.

ನಿಯಾನನ್ನು 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ್‍ಯಾಮ್ಸೆ ಮತ್ತು ಮಾರಿಸ್ ಟ್ರ್ಯಾವರ್ಸ್ ಕಂಡುಹಿಡಿದರು. 1910ರಲ್ಲಿ ಜಾರ್ಜ್ ಕ್ಲೋಡ್ ಪ್ಯಾರಿಸಿನಲ್ಲಿ ಅದರ ದೀಪವನ್ನು ಬೆಳಗಿಸಿ ತೋರಿದನು. ಶುದ್ಧ ನಿಯಾನಿಗೆ ಸಾವಿರದಲ್ಲಿ ಒಂದು ಪಾಲು ಆರ್ಗಾನನ್ನು ಬೆರೆಸಿದರೆ ಉದ್ದೀಪನ ವೋಲ್ಟೇಜು ಗಮನಾರ್ಹವಾಗಿ ತಗ್ಗುತ್ತದೆ. ಉದ್ರಿಕ್ತಗೊಂಡ ನಿಯಾನ್ ಪರಮಾಣುವು ಹೊತ್ತಿರುವ 16.6 ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯು ಆರ್ಗಾನನ್ನು ಅಯಾನೀಕರಿಸಲು ಬೇಕಾದ 15.8ಕ್ಕಿಂತ ತುಸುವೇ ಹೆಚ್ಚಾದುದರಿಂದ, ಬೆಳಕಾಗಿ ವ್ಯಯವಾಗಲಾರದೆ ಉಳಿದ ಶಕ್ತಿಯು ಈ ಡಿಕ್ಕಿಯಲ್ಲಿ ಸಾರ್ಥಕವಾಗುತ್ತದೆ. ಡಚ್ ಭೌತವಿಜ್ಞಾನಿ ಫ್ರಾನ್ಸ್ ಪೆನ್ನಿಂಗನ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರಿಣಾಮವೇ ಕಿತ್ತಳೆ ಬಣ್ಣದ ಏಕವರ್ಣ ಫಲಕಗಳಿಗೆಲ್ಲ ಆಧಾರವಾಯಿತು.

ಉಗಮ : ಬರೋಸ್ ಸಂಸ್ಥೆಯು 1955ರಲ್ಲಿ ಮಾರುಕಟ್ಟೆಗೆ ತಂದ ನಿಕ್ಸಿ ನಳಿಗೆಯಲ್ಲಿ ಅಂಕಿಗಳ ಆಕಾರದ ತಂತಿಗಳ ಸುತ್ತ ನಿಯಾನ್ ಬೆಳಗುತ್ತಿತ್ತು. ಆದರೆ ಅದು ಹತ್ತು ಅಂಕಿಗಳನ್ನಲ್ಲದೆ ಬೇರೇನನ್ನೂ ಬರೆಯಲಾರದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಗಣಕದ ಮೂಲಕ ಪಾಠ ಹೇಳುವ ಪ್ಲೇಟೋ ಎಂಬ ಯೋಜನೆ 1960ರಲ್ಲಿ ಆರಂಭವಾದಾಗ ಒದಗಿದ ತೊಡಕು ಬೇರೆ ಬಗೆಯದು. ಪಿಕ್ಚರ್ ಟ್ಯೂಬಿನ ಮೇಲೆ ಬರೆದುದು ಕಣ್ಣೆವೆಯಿಕ್ಕುವಷ್ಟರಲ್ಲಿ ಅಳಿಸಿಹೋಗುವುದರಿಂದ, ಅದನ್ನು ಸೆಕೆಂಡಿಗೆ ಹತ್ತಾರು ಬಾರಿ ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು; ಹಾಗೆ ಬರೆಯಲು ಚಿತ್ರವನ್ನು ನೆನಪಿಡುವ ಸ್ಮೃತಿಮಂಡಲವೊಂದು ಪ್ರತಿ ವಿದ್ಯಾರ್ಥಿಯ ಮೇಜಿನ ಮೇಲೂ ಇರಬೇಕು; ಆ ಕಾಲದಲ್ಲಿ ಅಂತಹ ಸ್ಮೃತಿಮಂಡಲದ ಬೆಲೆ ಯಾವ ವಿದ್ಯಾಸಂಸ್ಥೆಯ ಅಂಕೆಗೂ ನಿಲುಕದು. ಚಿತ್ರವನ್ನು ತೋರಿಸುವ ವಸ್ತುವೇ ಚಿತ್ರವನ್ನು ನೆನಪಿಡುವಂತಾದರೆ ಈ ಕಷ್ಟ ಪರಿಹಾರವಾಗುವುದೆಂಬ ಯೋಚನೆಯಿಂದ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರ ಜುಲೈ ತಿಂಗಳಲ್ಲಿ ಮೊದಲ ಕೋಶವನ್ನು ಬೆಳಗಿಸಿದರು. ಮೂರು ತೆಳುಗಾಜುಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವಿನದರಲ್ಲಿ ಕೊರೆದ ರಂಧ್ರದಲ್ಲಿ ಅನಿಲವನ್ನು ತುಂಬಿ, ವಿದ್ಯುದಗ್ರಗಳನ್ನು ಗಾಜಿನ ಹೊರಮೈಗೆ ಅಂಟಿಸಿದ್ದರು. ಲೋಹವು ಅನಿಲವನ್ನು ಮುಟ್ಟಲೇ ಇಲ್ಲ. ಈ ಮುಟ್ಟದಿರುವಿಕೆಯಲ್ಲಿಯೇ ಅದರ ವೈಶಿಷ್ಟ್ಯವಿತ್ತು.

ಗೋಡೆಯ ಸ್ಮೃತಿ : ಲೋಹಕ್ಕೂ ಅನಿಲಕ್ಕೂ ನಡುವೆ ಗಾಜು ಅಡ್ಡಬಂದಾಗ, ವಿಸರ್ಜನೆಯಲ್ಲಿ ಹುಟ್ಟಿದ ಎಲೆಕ್ಟ್ರಾನುಗಳೂ ಅಯಾನುಗಳೂ ಲೋಹವನ್ನು ಸೇರಲಾರದೆ ಗಾಜಿನ ಒಳಮೈಯಲ್ಲಿ ನೆಲೆನಿಲ್ಲುತ್ತವೆ. ಹಾಗೆ ಸಂಗ್ರಹವಾದ ಆವೇಶವು ಹೊರಗಿನ ವೋಲ್ಟೇಜಿಗೆ ಇದಿರಾಗಿರುವುದರಿಂದ, ವಿಸರ್ಜನೆಯು ಒಂದು ಮೈಕ್ರೊಸೆಕೆಂಡ್ ತುಂಬುವ ಮೊದಲೇ ತಾನಾಗಿ ನಂದುತ್ತದೆ. ಈಗ ಹೊರಗಿನ ವೋಲ್ಟೇಜಿನ ದಿಕ್ಕನ್ನು ತಿರುಗಿಸಿದರೆ, ಹಿಂದೆ ವಿರೋಧಿಯಾಗಿದ್ದ ಗೋಡೆಯ ಆವೇಶವೇ ಸಹಾಯಕವಾಗಿ, ಎರಡರ ಮೊತ್ತವು ಉದ್ದೀಪನದ ಎಲ್ಲೆಯನ್ನು ದಾಟಿ ಕೋಶವು ಮತ್ತೆ ಬೆಳಗುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೋಶವು ಹೊತ್ತಿಕೊಳ್ಳಲು 230 ವೋಲ್ಟ್ ಬೇಕು. ಫಲಕದ ಕೋಶಗಳಿಗೆಲ್ಲ ಸಮನಾಗಿ ಅತ್ತಿಂದಿತ್ತ ತೊನೆಯುವ 180 ವೋಲ್ಟನ್ನು ಉಣಿಸುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಗೋಡೆಯಲ್ಲಿ ಆವೇಶವಿಲ್ಲದ ಕೋಶಕ್ಕೆ 180 ಸಾಲದು. ಅದು ಕತ್ತಲೆಯಾಗಿಯೇ ಉಳಿಯುತ್ತದೆ. ಒಮ್ಮೆ ಬೆಳಗಿ ಗೋಡೆಯಲ್ಲಿ 100 ವೋಲ್ಟಿನಷ್ಟನ್ನು ಕೂಡಿಟ್ಟುಕೊಂಡ ಕೋಶಕ್ಕಾದರೋ 280 ದೊರೆಯುವುದರಿಂದ, ಪ್ರತಿ ತಿರುವಿಗೂ ಅದು ಬೆಳಗುತ್ತಲೇ ಹೋಗುತ್ತದೆ. ಒಂದೇ ಪೋಷಕ ವೋಲ್ಟೇಜು ಎಲ್ಲರಿಗೂ. ಹಿಂದೆ ಬೆಳಗಿದ್ದವನು ಮುಂದೆಯೂ ಬೆಳಗುತ್ತಾನೆ, ಇಲ್ಲದವನು ಇಲ್ಲ. ಇದೇ ಫಲಕದ ಸ್ಮೃತಿ.

ಓವೆನ್ಸ್-ಇಲಿನಾಯ್ ಎಂಬ ಗಾಜಿನ ಸಂಸ್ಥೆಯು ನಡುಗಾಜನ್ನು ತೆಗೆದುಹಾಕಿ, ಎರಡೇ ದಪ್ಪಗಾಜುಗಳ ಒಳಮೈಯಲ್ಲಿ ವಿದ್ಯುದಗ್ರಗಳನ್ನೂ ಅವುಗಳ ಮೇಲೆ ಗಾಜಿನ ಲೇಪವನ್ನೂ ಮುದ್ರಿಸಿ, 1971ರ ಸುಮಾರಿಗೆ ಅಡ್ಡ 512, ಉದ್ದ 512 ಗೆರೆಗಳ ಫಲಕವನ್ನು ಸಿದ್ಧಪಡಿಸಿತು. ಅಂಗುಲಕ್ಕೆ 60 ಗೆರೆಗಳಂತೆ ಅದರ ಪಾರ್ಶ್ವ ಸುಮಾರು ಎಂಟೂವರೆ ಅಂಗುಲ. ಕೋಶಗಳ ಸಂಖ್ಯೆ 2,62,144. ಪ್ಲೇಟೋ ಯೋಜನೆಯ ನಾಲ್ಕನೆಯ ಆವೃತ್ತಿಯಲ್ಲಿ ಈ ಫಲಕಕ್ಕೆ ಸೆಕೆಂಡಿಗೆ 1200 ಬಿಟ್ಟುಗಳನ್ನು ಮಾತ್ರ ಸಾಗಿಸಬಲ್ಲ ದೂರವಾಣಿ ತಂತಿಯಿಂದ ಸಂದೇಶ ಬರುತ್ತಿತ್ತು. ಚಿತ್ರವನ್ನು ಬಿಂದುಬಿಂದುವಾಗಿ ಕಳುಹಿಸುವುದಾದರೆ ಮೂರೂವರೆ ನಿಮಿಷಕ್ಕೂ ಮಿಕ್ಕು ಹಿಡಿಯುವ ಆ ದಾರಿಯಲ್ಲಿ, ಇಂತಹ ಅಕ್ಷರ, ಇಂತಹ ಗೆರೆ ಎಂಬ ಸಂಕ್ಷಿಪ್ತ ಆಜ್ಞೆಗಳನ್ನು ಒಮ್ಮೆ ಕಳುಹಿಸಿದರೆ ಸಾಕಾಗುತ್ತಿತ್ತು. ಬರೆದುದನ್ನು ಫಲಕವು ತಾನೇ ಹಿಡಿದಿಟ್ಟುಕೊಳ್ಳುತ್ತಿತ್ತು. ಗಾಜು ಪಾರದರ್ಶಕವಾದುದರಿಂದ ಹಿಂದಿನಿಂದ ವರ್ಣಚಿತ್ರದ ಸ್ಲೈಡುಗಳನ್ನೂ ಅದರ ಮೇಲೆ ಬೀರಬಹುದಾಗಿತ್ತು. ಮುಂದೆ ಐ.ಬಿ.ಎಂ. ಸಂಸ್ಥೆಯ 1983ರ 3290 ಎಂಬ ಕಿತ್ತಳೆ ಫಲಕವೂ, 1986ರ ತೋಷಿಬಾ ಟಿ3100ರಂತಹ ಕೈಗಣಕಗಳೂ ಅನಿಲ ಫಲಕವನ್ನು ಕಚೇರಿಗಳಿಗೆ ತಂದುವು. ಲೋಹವು ಅನಿಲವನ್ನು ನೇರವಾಗಿ ಮುಟ್ಟುವ ಏಕಮುಖ ಪ್ರವಾಹದ ಇನ್ನೊಂದು ಪಂಥವೂ ಉಂಟು. ಬರೋಸ್ ಸಂಸ್ಥೆಯ ಸೆಲ್ಫ್-ಸ್ಕ್ಯಾನ್ ಫಲಕದಲ್ಲಿ ಒಂದು ಕಂಬಸಾಲಿನ ಹೊಳಪು ನೆರೆಯ ಕಂಬಸಾಲನ್ನು ಹೊತ್ತಿಸುತ್ತ ತಾನಾಗಿ ಮುಂದೆ ಸಾಗುವಂತೆ ಏರ್ಪಡಿಸಿ, ಚಾಲಕ ಮಂಡಲಗಳ ಸಂಖ್ಯೆಯನ್ನು ಬಹಳ ಇಳಿಸಿದ್ದರು. ಆದರೂ ಮುಂದಿನ ಕಥೆ ಮುಖ್ಯವಾಗಿ ಪರ್ಯಾಯ ಪ್ರವಾಹದ ಪಂಥದ್ದೇ.

ವರ್ಣಫಲಕ : ನಿಯಾನಿನ ಕಿತ್ತಳೆ ಬೆಳಕಿನಿಂದ ವರ್ಣಚಿತ್ರ ಮೂಡದು. ಆದುದರಿಂದ ನಿಯಾನಿನೊಡನೆ ಕ್ಸೆನಾನನ್ನು ಬೆರೆಸಿ, ಅದು ಸೂಸುವ 147 ಮತ್ತು 172 ನ್ಯಾನೊಮೀಟರಿನ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಂದ ಕೆಂಪು, ಹಸುರು, ನೀಲಿ ಬಣ್ಣದ ಪ್ರತಿದೀಪಕ ಪುಡಿಗಳನ್ನು ಬೆಳಗಿಸುವ ಉಪಾಯ ಹೂಡಿದರು. ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿ ಮಾಡುವ ಕೆಲಸವನ್ನೇ ಇಲ್ಲಿ ಕ್ಸೆನಾನ್ ಮಾಡುತ್ತದೆ. ಆದರೆ ವಿದ್ಯುದಗ್ರಗಳು ಎದುರುಬದುರಾಗಿದ್ದಾಗ ಅಯಾನುಗಳ ಹೊಡೆತಕ್ಕೆ ಸಿಕ್ಕಿ ಪುಡಿಯು ಬೇಗನೆ ಸತ್ತ್ವಹೀನವಾಗುತ್ತಿತ್ತು. ಜಪಾನಿನ ಫುಜಿತ್ಸು ಸಂಸ್ಥೆಯ ತ್ಸುತಾಯೆ ಶಿನೋದ ಅವರು ಬೆಳಗಿಸುವ ಎರಡು ವಿದ್ಯುದಗ್ರಗಳನ್ನೂ ಮುಂಗಾಜಿನಲ್ಲೇ ಅಕ್ಕಪಕ್ಕದಲ್ಲಿರಿಸಿ, ಪುಡಿಯನ್ನು ಹಿಂಗಾಜಿಗೆ ಸಾಗಿಸಿ, ಬೇಕಾದ ಕೋಶವನ್ನು ಆಯ್ಕೆಮಾಡುವುದಕ್ಕೆಂದು ಮೂರನೆಯದೊಂದು ವಿದ್ಯುದಗ್ರವನ್ನು ಹಿಂಗಾಜಿನಲ್ಲಿ ಅಡ್ಡಲಾಗಿ ಹಾಯಿಸಿದರು. ಈ ಮೂರು ಅಗ್ರಗಳ ರಚನೆಯಿಂದ 1992ರಲ್ಲಿ 21 ಅಂಗುಲದ ಪೂರ್ಣವರ್ಣ ಫಲಕವೂ, ತರುವಾಯ 42 ಅಂಗುಲದ ಫಲಕವೂ ಹೊರಬಂದು, 1997ರ ವೇಳೆಗೆ ಫಿಲಿಪ್ಸ್, ಪಯೋನಿಯರ್ ಮೊದಲಾದ ಸಂಸ್ಥೆಗಳು ದೊಡ್ಡ ದೂರದರ್ಶಕಗಳನ್ನು ಮಾರತೊಡಗಿದುವು. ಬಿಟ್ಜರರ ಪ್ರಯೋಗಶಾಲೆಯ ಪರಂಪರೆಯಲ್ಲಿ ಬೆಳೆದ ಲ್ಯಾರಿ ವೆಬರ್ ಅವರು ಐ.ಬಿ.ಎಂ. ಕೈಬಿಟ್ಟ ಯಂತ್ರಸಾಮಗ್ರಿಯಿಂದ 1987ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಪ್ಲಾಸ್ಮಾಕೊ ಸಂಸ್ಥೆಯನ್ನು ಸ್ಥಾಪಿಸಿದವರಲ್ಲೊಬ್ಬರು. 1996ರಲ್ಲಿ ಜಪಾನಿನ ಮತ್ಸುಶಿತ ಅದನ್ನು ಕೊಂಡಿತು.

ರಚನೆ : 42 ಅಂಗುಲದ, ಅಡ್ಡ 852 ಬಿಂದುಗಳೂ 480 ಗೆರೆಗಳೂ ಉಳ್ಳ ಫಲಕವನ್ನು ನಿದರ್ಶನವಾಗಿ ಇಟ್ಟುಕೊಂಡರೆ, ಒಂದೊಂದು ಬಿಂದುವಿಗೆ ಮೂರು ಬಣ್ಣದಂತೆ ಕೋಶಗಳ ಸಂಖ್ಯೆ 12,26,880, ಒಂದು ಕೋಶದ ಅಗಲ ಸುಮಾರು 0.36 ಮಿಲಿಮೀಟರ್. ಮುಂಗಾಜಿನ ಒಳಮೈಯಲ್ಲಿ ತವರ ಮತ್ತು ಇಂಡಿಯಮ್ಮಿನ ಆಕ್ಸೈಡಿನಿಂದಾದ ಪಾರದರ್ಶಕ ಪಟ್ಟಿಗಳು ಜೋಡಿಜೋಡಿಯಾಗಿರುತ್ತವೆ. ಅವುಗಳ ವಾಹಕತೆ ಸಾಲದೆ ಹೋಗುವುದರಿಂದ ಅಂಚಿನಲ್ಲಿ ಬೆಳ್ಳಿಯ ಸಣ್ಣ ಗೆರೆಯನ್ನು ಎಳೆದಿರುತ್ತಾರೆ. ಅದರ ಮೇಲೆ ಸುಮಾರು 30 ಮೈಕ್ರೊಮೀಟರ್ ದಪ್ಪದ ಗಾಜಿನ ಅವಾಹಕ ಪದರ. ಅದರ ಮೇಲೆ ಒಂದು ಮೈಕ್ರೊಮೀಟರಿಗೂ ಕಡಿಮೆ ದಪ್ಪದ ಮೆಗ್ನೀಸಿಯಮ್ ಆಕ್ಸೈಡಿನ ಪೊರೆ. ಈ ಕೊನೆಯ ಪೊರೆಯ ಮಹತ್ತ್ವ ಅದರ ದಪ್ಪಕ್ಕೆ ಮೀರಿದುದು. ಅಯಾನುಗಳ ಏಟಿಗೆ ಅದು ಸುಲಭವಾಗಿ ಸವೆಯದು. ಏಟು ಬಿದ್ದಾಗ ಧಾರಾಳವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಉದ್ದೀಪನ ವೋಲ್ಟೇಜನ್ನು ತಗ್ಗಿಸುತ್ತದೆ. ಹಿಂಗಾಜಿನಲ್ಲಿ ಆಯ್ಕೆಯ ಬೆಳ್ಳಿ ಪಟ್ಟಿಗಳು, ಅವುಗಳ ಮೇಲೆ ಬಿಳಿಯ ಅವಾಹಕ ಪದರ, ಅದರ ಮೇಲೆ ಪಟ್ಟಿಗೊಂದರಂತೆ ನೆರೆಯ ಬಣ್ಣಗಳನ್ನು ಬೇರ್ಪಡಿಸುವ 0.12ರಿಂದ 0.15 ಮಿಲಿಮೀಟರ್ ಎತ್ತರದ ತಡೆಗೋಡೆಗಳು. ಗೋಡೆಗಳ ನಡುವಣ ಕಾಲುವೆಗಳ ತಳಕ್ಕೂ ಮಗ್ಗುಲಿಗೂ ಪ್ರತಿದೀಪಕದ ಲೇಪ. ಕೆಂಪಿಗೆ ಯೂರೋಪಿಯಮ್ ಬೆರೆತ ಯಿಟ್ರಿಯಮ್-ಗ್ಯಾಡೊಲಿನಿಯಮ್ ಬೋರೇಟ್, ಹಸುರಿಗೆ ಮ್ಯಾಂಗನೀಸ್ ಬೆರೆತ ಸತುವಿನ ಸಿಲಿಕೇಟ್, ನೀಲಿಗೆ ಯೂರೋಪಿಯಮ್ ಬೆರೆತ ಬೇರಿಯಮ್-ಮೆಗ್ನೀಸಿಯಮ್ ಅಲ್ಯುಮಿನೇಟ್ ರೂಢಿಯಲ್ಲಿದ್ದುವು.

ನಿರ್ಮಾಣ : ಈ ಫಲಕದ ತಯಾರಿಕೆಯು ಎಲೆಕ್ಟ್ರಾನಿಕ್ ವಿದ್ಯೆಗಿಂತ ಕುಂಭಕಾರನ ವಿದ್ಯೆಗೆ ಹತ್ತಿರ. ಗಾಜಿನ ಪುಡಿಯನ್ನೋ ಬೆಳ್ಳಿಯ ಪುಡಿಯನ್ನೋ ಎಣ್ಣೆಯಂತಹ ದ್ರವದಲ್ಲಿ ಕಲಸಿ, ಸ್ಕ್ರೀನ್ ಪ್ರಿಂಟಿಂಗಿನಿಂದ ಗಾಜಿನ ಮೇಲೆ ಹರಡಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟು ಗಟ್ಟಿಮಾಡುವುದು ಇಲ್ಲಿ ಪದೇ ಪದೇ ಬರುವ ಕ್ರಿಯೆ. ಹೀಗಿರುವಲ್ಲಿ ಎಂದೂ ಮುರಿಯಬಾರದ ನಿಯಮವೊಂದುಂಟು: ಮುಂದಿನ ಸುಡುವಿಕೆಯ ಬಿಸಿ ಹಿಂದಿನದಕ್ಕಿಂತ ಕಡಿಮೆಯಿರಬೇಕು, ಇಲ್ಲವಾದರೆ ಹಿಂದೆ ಮಾಡಿದ ಕೆಲಸವೆಲ್ಲ ಮೆತ್ತಗಾಗಿ ಕೆಡುತ್ತದೆ. ಅವಾಹಕ ಪದರವೂ ತಡೆಗೋಡೆಯೂ 550ರಿಂದ 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಪ್ರತಿದೀಪಕವು 500ರ ಸುಮಾರಿನಲ್ಲಿ, ಅಂಚಿನ ಬೆಸುಗೆಗಾಜು 450ರಲ್ಲಿ, ನಿರ್ವಾತಗೊಳಿಸುವಾಗಿನ ಕಾಯಿಸುವಿಕೆ 350ರಲ್ಲಿ, ಹೀಗೆ ಇಳಿಯುವ ಮೆಟ್ಟಿಲುಗಳಂತೆ ಕಾರ್ಖಾನೆಯ ಕುಲುಮೆಗಳು ಏರ್ಪಟ್ಟಿರುತ್ತವೆ.

ಮೇಲಿನ ಮೆಟ್ಟಿಲೇ ಅಪಾಯದ್ದು. ಕಿಟಕಿಗೆ ಬಳಸುವ ಸಾಧಾರಣ ಗಾಜು 510 ಡಿಗ್ರಿಯ ಸುಮಾರಿನಲ್ಲಿಯೇ ತನ್ನ ಬಿಗಿಯನ್ನು ಕಳೆದುಕೊಳ್ಳತೊಡಗಿ, ತಣಿದ ಮೇಲೆ ಹಿಂದಿನ ಅಳತೆಗಿಂತ ತುಸು ಕುಗ್ಗಿರುತ್ತದೆ. 920 ಮಿಲಿಮೀಟರ್ ಅಗಲದ ಗಾಜು ಹತ್ತು ಸಾವಿರದಲ್ಲಿ ಐದು ಪಾಲು ಕುಗ್ಗಿದರೂ ವ್ಯತ್ಯಾಸ 0.46 ಮಿಲಿಮೀಟರ್, ಎಂದರೆ ಒಂದು ಕೋಶದ ಅಗಲವನ್ನೇ ಮೀರಿದಂತಾಯಿತು, ಒಂದು ಅಂಚಿನಲ್ಲಿ ಸರಿಯಾಗಿ ಕುಳಿತ ತಡೆಗೋಡೆಯು ಇನ್ನೊಂದು ಅಂಚಿನಲ್ಲಿ ವಿದ್ಯುದಗ್ರದ ಮೇಲೆಯೇ ಏರಿಬಿಡುತ್ತದೆ. ಆದುದರಿಂದಲೇ ಅಸಾಹಿ ಗ್ಲಾಸ್ ಸಂಸ್ಥೆಯು 570 ಡಿಗ್ರಿಯವರೆಗೂ ಬಿಗಿಯುಳಿಸಿಕೊಳ್ಳುವ, 2.8 ಮಿಲಿಮೀಟರ್ ದಪ್ಪದ ವಿಶೇಷ ಗಾಜನ್ನು ಈ ಕೆಲಸಕ್ಕೆಂದು ತಯಾರಿಸಿತು.

ತಡೆಗೋಡೆಗಳನ್ನು ಕಟ್ಟುವ ಬಗೆಯು ನೋಡತಕ್ಕದ್ದು. ಹಿಂಗಾಜಿನ ಮೇಲೆಲ್ಲ ಗಾಜಿನ ಕಣಕವನ್ನು ಬೇಕಾದ ಎತ್ತರಕ್ಕೆ ಬಳಿದು ಒಣಗಿಸುತ್ತಾರೆ. ಅದರ ಮೇಲೆ ಬೆಳಕು ಬಿದ್ದಲ್ಲಿ ಗಡುಸಾಗುವ ತೆಳುಹಾಳೆಯನ್ನು ಹೊದಿಸಿ, ಗೆರೆಗಳ ಪಡಿಯಚ್ಚಿನ ಮೂಲಕ ಬೆಳಕು ಬೀರಿ, ಗಡುಸಾಗದ ಭಾಗವನ್ನು ತೊಳೆದುಬಿಡುತ್ತಾರೆ. ಬಳಿಕ ಸಾಣೆಪುಡಿಯಂತಹ ನುಣ್ಣನೆಯ ಕಣಗಳನ್ನು ಗಾಳಿಯ ರಭಸದಿಂದ ಎರಚಿದರೆ, ಹಾಳೆಯ ಮರೆಯಿಲ್ಲದ ಕಡೆಯಲ್ಲಿ ಒಣಗಿದ ಕಣಕವು ಪುಡಿಪುಡಿಯಾಗಿ ಕಿತ್ತುಹೋಗಿ ಕಾಲುವೆಗಳು ತೆರೆದುಕೊಳ್ಳುತ್ತವೆ, ಮರೆಯಿದ್ದ ಕಡೆ ಗೋಡೆಗಳು ನಿಲ್ಲುತ್ತವೆ. ಬಳಿದ ಕಣಕದಲ್ಲಿ ಬಹುಪಾಲು ಹೀಗೆ ಧೂಳಾಗಿ ಹೊರಹೋಗುವುದರಿಂದ, ಅದನ್ನು ಹಿಡಿದು ಮರುಬಳಕೆಗೆ ತರುವುದೂ, ಅದರಲ್ಲಿ ಸೀಸವಿದ್ದರೆ ಕೆಲಸಗಾರರನ್ನು ಕಾಪಾಡುವುದೂ ಕಾರ್ಖಾನೆಗೆ ಬೇರೆಯೇ ಚಿಂತೆಯಾಯಿತು.

ಎರಡು ಗಾಜುಗಳನ್ನು ಸರಿಹೊಂದಿಸಿ ಅಂಚನ್ನು ಬೆಸೆದಮೇಲೆ, ಮೂಲೆಯಲ್ಲಿರುವ ಸಣ್ಣ ಗಾಜುನಳಿಗೆಯಿಂದ ಒಳಗಿನ ಗಾಳಿಯನ್ನು ಹೀರುತ್ತಾರೆ. ಒಂದು ಮೀಟರಿನಷ್ಟು ಅಗಲದ ಫಲಕದ ಒಳಗೆ ಕೂದಲೆಳೆಯ ದಪ್ಪದ ಕಾಲುವೆಗಳಲ್ಲಿ ಸಿಲುಕಿದ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹೊರಬರಲು ಬಹಳ ಹೊತ್ತು ಬೇಕು. ಗಾಳಿಯಿಂದ ತೇವವನ್ನು ಆತುರದಿಂದ ಹೀರಿಕೊಳ್ಳುವ ಮೆಗ್ನೀಸಿಯಮ್ ಆಕ್ಸೈಡು ಅದನ್ನು ಬಿಟ್ಟುಕೊಡುವುದು ಕಾಯಿಸಿದಾಗಲೇ. ಗಂಟೆಗಟ್ಟಲೆ ಹೀಗೆ ಕಾಯಿಸಿ ಹೀರಿ, ಅನಿಲವನ್ನು ತುಂಬಿ, ನಳಿಗೆಯ ಕುತ್ತಿಗೆಯನ್ನು ಉರಿಯಿಂದ ಕರಗಿಸಿ ಮುಚ್ಚುತ್ತಾರೆ. ಆಮೇಲೂ ಫಲಕವು ಕೂಡಲೆ ಮಾರಾಟಕ್ಕೆ ಯೋಗ್ಯವಲ್ಲ. ಎಲ್ಲ ಕೋಶಗಳನ್ನೂ ಗಂಟೆಗಟ್ಟಲೆ ಬೆಳಗಿಸಿ, ಪೊರೆಯ ಮೈ ಹದಗೊಂಡು ವೋಲ್ಟೇಜುಗಳು ಒಂದು ನೆಲೆಗೆ ಬರುವವರೆಗೆ ಅದನ್ನು ಪಳಗಿಸಬೇಕು.

ಚಾಲನೆ : ಗೋಡೆಯ ಸ್ಮೃತಿಗೆ ಹೌದು-ಅಲ್ಲ ಎಂಬೆರಡೇ ಮಾತು ಗೊತ್ತು, ಅರೆಬೆಳಕು ಎಂಬುದು ಅದಕ್ಕೆ ತಿಳಿಯದು. ವರ್ಣಚಿತ್ರಕ್ಕಾದರೋ ಒಂದೊಂದು ಬಣ್ಣದಲ್ಲೂ 256 ಅಂತಸ್ತುಗಳು ಬೇಕು. ಈ ಕೊರತೆಯನ್ನು ಕಾಲವನ್ನು ಒಡೆದು ತುಂಬಿಕೊಳ್ಳುತ್ತಾರೆ. ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಎಂಟು ಉಪಾವಧಿಗಳಾಗಿ ಹಂಚಿ, ಅವುಗಳಲ್ಲಿ ಬೆಳಗುವ ಕಾಲವನ್ನು 1, 2, 4, 8, 16, 32, 64, 128ರ ಪ್ರಮಾಣದಲ್ಲಿ ಇರಿಸಿದರೆ, ಬೇಕಾದ ಉಪಾವಧಿಗಳಲ್ಲಿ ಮಾತ್ರ ಕೋಶವನ್ನು ಬೆಳಗಿಸಿ ಯಾವ ಅಂತಸ್ತನ್ನಾದರೂ ಪಡೆಯಬಹುದು. ತುಣುಕುಗಳನ್ನು ಕೂಡಿಸುವ ಕೆಲಸ ನೋಡುವವನ ಕಣ್ಣಿನದು. ಪ್ರತಿ ಉಪಾವಧಿಯಲ್ಲಿಯೂ ಅಳಿಸುವುದು, ಬರೆಯುವುದು, ಬೆಳಗುವುದು ಎಂಬ ಮೂರು ಘಟ್ಟಗಳು. ಒಂದು ಗೆರೆಯನ್ನು ಬರೆಯಲು 3 ಮೈಕ್ರೊಸೆಕೆಂಡ್ ಹಿಡಿದರೆ 480 ಗೆರೆಗಳಿಗೆ 1.44 ಮಿಲಿಸೆಕೆಂಡ್, ಎಂಟು ಉಪಾವಧಿಗಳಿಗೆ 11.5 ಮಿಲಿಸೆಕೆಂಡ್, ಇರುವುದು ಒಟ್ಟು 16.7 ಮಾತ್ರ. ಮೂರರಲ್ಲಿ ಎರಡು ಪಾಲು ಕಾಲ ಬರೆಯುವುದರಲ್ಲಿಯೇ ಕಳೆದು, ಬೆಳಗಲು ಉಳಿಯುವುದು ಐದು ಮಿಲಿಸೆಕೆಂಡ್. ಇದೇ ಲೆಕ್ಕವನ್ನು 1080 ಗೆರೆಗಳಿಗೆ ಹಾಕಿದರೆ ಬರವಣಿಗೆಗೇ 26 ಮಿಲಿಸೆಕೆಂಡ್ ತಗಲುವುದು, ಅಸಾಧ್ಯವಾದ ಮಾತು. ಆದುದರಿಂದ ಫಲಕದ ಮೇಲರ್ಧವನ್ನೂ ಕೆಳಗಿನರ್ಧವನ್ನೂ ಏಕಕಾಲದಲ್ಲಿ ಬರೆಯುವ ಇಮ್ಮಡಿ ಚಾಲಕಗಳನ್ನು ಹೂಡಿದರು. ವಿಸರ್ಜನೆಯು ತಡಮಾಡದೆ ಹೊತ್ತಿಕೊಳ್ಳುವಂತೆ ಪೊರೆಯ ಮೇಲೆ ಮೆಗ್ನೀಸಿಯಮ್ ಆಕ್ಸೈಡಿನ ಸಣ್ಣ ಹರಳುಗಳನ್ನು ಹರಡುವ ಉಪಾಯವನ್ನೂ ಕಂಡುಕೊಂಡರು.

ಕಾಲವನ್ನು ಒಡೆದುದರ ಇನ್ನೊಂದು ಫಲ ವಿಚಿತ್ರವಾದುದು. 127ರ ಅಂತಸ್ತು ಮೊದಲಿನ ಏಳು ಉಪಾವಧಿಗಳಿಂದ ಆದುದು, 128 ಎಂಟನೆಯದೊಂದರಿಂದಲೇ ಆದುದು. ನಿಂತ ಚಿತ್ರದಲ್ಲಿ ಇವೆರಡಕ್ಕೂ ಭೇದವೇ ತೋರದು. ಆದರೆ ಚಲಿಸುವ ಮುಖವೊಂದನ್ನು ಕಣ್ಣು ಹಿಂಬಾಲಿಸುವಾಗ, ಒಂದು ಬಿಂದುವಿನ ಏಳು ತುಣುಕುಗಳೂ ನೆರೆಯ ಬಿಂದುವಿನ ಎಂಟನೆಯ ತುಣುಕೂ ಅಕ್ಷಿಪಟದ ಒಂದೇ ಎಡೆಯಲ್ಲಿ ಬಿದ್ದು, ಕೆನ್ನೆಯ ಮೇಲೆ ಇಲ್ಲದ ಗೆರೆಯೊಂದು ಓಡಿದಂತೆ ಕಾಣುತ್ತದೆ. ಉಪಾವಧಿಗಳ ಸಂಖ್ಯೆಯನ್ನು ಹೆಚ್ಚಿಸಿ, ದೊಡ್ಡವನ್ನು ಒಡೆದು ಹಂಚಿ ಈ ಮಿಥ್ಯಾರೇಖೆಯನ್ನು ಮಸುಕುಗೊಳಿಸಿದರು.

ಇನ್ನು ವಿದ್ಯುಚ್ಛಕ್ತಿಯ ಮಾತು. ಗಾಜಿನ ಪದರದ ಹಿಂದೆ ಹತ್ತಿರ ಹತ್ತಿರ ಇರುವ ವಿದ್ಯುದಗ್ರಗಳ ಈ ಫಲಕವು ತಾನೇ ಒಂದು ದೊಡ್ಡ ಧಾರಕವಾದುದರಿಂದ, ಪೋಷಕ ವೋಲ್ಟೇಜಿನ ಪ್ರತಿ ತಿರುವಿಗೂ ಅದನ್ನು ತುಂಬಿ ಬರಿದುಮಾಡುವುದರಲ್ಲಿಯೇ, ಬೆಳಕಿಗೆ ಒಂದಿಷ್ಟೂ ನೆರವಾಗದೆ, ಶಕ್ತಿ ವ್ಯರ್ಥವಾಗುತ್ತಿತ್ತು. ವೆಬರ್ ಅವರು ರೂಪಿಸಿದ ಮಂಡಲದಲ್ಲಿ ತಂತಿಸುರುಳಿಯೊಂದು ಆ ಶಕ್ತಿಯನ್ನು ಉಯ್ಯಾಲೆಯಂತೆ ಹಿಂದಕ್ಕೆ ಎಳೆದುಕೊಂಡು, ಮುಂದಿನ ತಿರುವಿಗೆ ಮರಳಿ ನೀಡುತ್ತದೆ. ಈ ಉಪಾಯ ಇಲ್ಲದಿದ್ದರೆ ದೊಡ್ಡ ಫಲಕಗಳು ವ್ಯಾವಹಾರಿಕವಾಗುತ್ತಿರಲಿಲ್ಲ.

ಗುಣದೋಷಗಳು : ಬೆಳಕು ಕೋಶದಲ್ಲಿಯೇ ಹುಟ್ಟುವುದರಿಂದ ಯಾವ ಪಕ್ಕದಿಂದ ನೋಡಿದರೂ ಬಣ್ಣ ಮಾಸದು, ಬೆಳಗದ ಕೋಶವು ಬಹುಮಟ್ಟಿಗೆ ಕಪ್ಪಾಗಿರುವುದರಿಂದ ಇರುಳಿನ ದೃಶ್ಯಗಳು ಗಂಭೀರವಾಗಿ ಕಾಣುತ್ತವೆ, ಚಲನೆ ಮಸುಕಾಗದು, ಗೆರೆಗಳು ಎಷ್ಟಿದ್ದರೂ ಒಂದು ಕೋಶ ಬೆಳಗುವ ಕಾಲ ಒಂದು ಗೆರೆಯ ಸರದಿಗೆ ಸೀಮಿತವಲ್ಲದ ಕಾರಣ ಫಲಕವನ್ನು ಬಹು ದೊಡ್ಡದಾಗಿ ಮಾಡಬಹುದು. ಪ್ಯಾನಸೋನಿಕ್ ಸಂಸ್ಥೆಯು 2008ರಲ್ಲಿ 150 ಅಂಗುಲದ ಫಲಕವನ್ನು ಪ್ರದರ್ಶಿಸಿತು. ದೋಷಗಳೂ ಕಡಿಮೆಯಿಲ್ಲ. 147 ನ್ಯಾನೊಮೀಟರಿನ ಕಿರಣದ ಒಂದು ಕಣದಲ್ಲಿ 8.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೂ ಅದರಿಂದ ಹುಟ್ಟುವ ಕಣ್ಣಿಗೆ ಕಾಣುವ ಕಣದಲ್ಲಿರುವುದು ಎರಡೋ ಎರಡೂವರೆಯೋ, ಉಳಿದುದು ಶಾಖ. ಒಂದೇ ಚಿತ್ರ ಬಹುಕಾಲ ನಿಂತರೆ ಆ ಕೋಶಗಳ ಪುಡಿ ಬೇಗ ಸವೆದು, ಚಿತ್ರ ಹೋದರೂ ಅದರ ನೆರಳು ಉಳಿಯುತ್ತದೆ; ನೀಲಿಯ ಪುಡಿಯಂತೂ ಕಾರ್ಖಾನೆಯ ಕುಲುಮೆಯಲ್ಲಿಯೇ ಒಂದಿಷ್ಟು ಕಾಂತಿಯನ್ನು ಕಳೆದುಕೊಂಡಿರುತ್ತದೆ. ನಿಯಾನಿನ ಕಿತ್ತಳೆಯನ್ನೂ, ರಿಮೋಟ್ ಕಂಟ್ರೋಲನ್ನು ಗಲಿಬಿಲಿಗೊಳಿಸುವ ಕ್ಸೆನಾನಿನ ಅವಕೆಂಪು ಕಿರಣವನ್ನೂ, ರೇಡಿಯೊ ಗದ್ದಲವನ್ನೂ ತಡೆಯಲು ಮುಂದೊಂದು ಶೋಧಕ ಗಾಜು ಬೇಕು. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿರುವವರೆಗೆ ವಾಯುಮಂಡಲವೇ ಎರಡು ಗಾಜುಗಳನ್ನು ಅದುಮಿ ಹಿಡಿದಿರುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಂತಹ ಊರಿನಲ್ಲಿ ಹೊರಗಿನ ಒತ್ತಡವೂ ಮೂರರಲ್ಲಿ ಎರಡು ಪಾಲಿಗೆ ಇಳಿಯುವುದರಿಂದ ಆ ಹಿಡಿತ ಸಡಿಲಗೊಂಡು, ಗಾಜುಗಳು ಅದುರಿ ಗುಂಯ್‌ಗುಡುವ ಸದ್ದು ಹೊರಡುವುದುಂಟು.

ಅವಸಾನ : ದ್ರವಸ್ಫಟಿಕದ ಫಲಕವು ಮೊದಮೊದಲು ಸಣ್ಣ ಪರದೆಗಳಿಗೆ ಮಾತ್ರ ಸಲ್ಲುತ್ತಿತ್ತು, ದೊಡ್ಡವು ಅನಿಲ ಫಲಕದ ಪಾಲಿಗೆ ಎಂಬ ಹಂಚಿಕೆ ಕೆಲವು ಕಾಲ ನಡೆದುಬಂತು. ದ್ರವಸ್ಫಟಿಕದ ಕಾರ್ಖಾನೆಗಳ ಗಾಜು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿ, ಬೆಲೆ ಇಳಿದು, ಅಂಗಡಿಯ ಪ್ರಖರ ಬೆಳಕಿನಲ್ಲಿಯೂ ಅದರ ಚಿತ್ರ ಹೊಳೆಯತೊಡಗಿದಾಗ ಆ ಹಂಚಿಕೆ ಮುರಿಯಿತು. ಕ್ಯುರೊ ಎಂಬ ಹೆಸರಿನ ಗಾಢ ಕಪ್ಪಿನ ಫಲಕಗಳಿಂದ ಕೀರ್ತಿ ಪಡೆದಿದ್ದ ಪಯೋನಿಯರ್ 2009ರಲ್ಲಿ ದೂರದರ್ಶಕದ ಉದ್ಯಮವನ್ನೇ ಬಿಡುವುದಾಗಿ ಸಾರಿತು. ಪ್ಯಾನಸೋನಿಕ್ 2013ರ ಡಿಸೆಂಬರಿನಲ್ಲಿಯೂ ಸ್ಯಾಮ್‌ಸಂಗ್ ಹಾಗೂ ಎಲ್.ಜಿ. 2014ರಲ್ಲಿಯೂ ತಯಾರಿಕೆಯನ್ನು ನಿಲ್ಲಿಸಿದುವು.

ಈ ಸೋಲಿನಲ್ಲಿ ಬೆಲೆಯ ಜತೆಗೆ ತತ್ತ್ವದ ಅಂಶವೂ ಇದೆ. ಸ್ಮೃತಿ ದುಬಾರಿಯಾಗಿದ್ದ ಕಾಲದಲ್ಲಿ ಗಾಜಿನ ಗೋಡೆಯೇ ಸ್ಮೃತಿಯಾಗಿ ಒದಗಿಬಂದುದು ಇಲಿನಾಯ್‌ನವರ ಸಾಧನೆ. ಮುಂದೆ ಸಿಲಿಕಾನಿನ ಸ್ಮೃತಿ ಅಗ್ಗವಾಯಿತು. ದ್ರವಸ್ಫಟಿಕದ ಒಂದೊಂದು ಕೋಶದ ಹಿಂದೆಯೂ ಒಂದು ಟ್ರಾನ್ಸಿಸ್ಟರನ್ನು ಕೂರಿಸಿ, ಬೇಕಾದ ಅಳತೆಯ ವೋಲ್ಟೇಜನ್ನೇ ಅಲ್ಲಿ ಹಿಡಿದಿಡುವುದು ಸಾಧ್ಯವಾಯಿತು. ಅನಿಲದ ಕೋಶವು ಹೌದೋ ಅಲ್ಲವೋ ಎಂಬುದನ್ನು ಮಾತ್ರ ನೆನಪಿಡಬಲ್ಲುದಾಗಿತ್ತು. ಅದರ ಪ್ರತಿಸ್ಪರ್ಧಿಯ ಕೋಶವು ಎಷ್ಟು ಎಂಬುದನ್ನೂ ನೆನಪಿಟ್ಟಿತು.